ಗೊತ್ತಿಲ್ಲದ ಅಡಿಗೆ

ಬಾಯಮ್ಮನ ನೆನಪಿನ ಸಭೆಯಿಂದ ನಾನು ಮಗಳ ಕೈ ಹಿಡಿದುಕೊಂಡು ಅರ್ಧಕ್ಕೇ ಎದ್ದು ಬಂದದ್ದು ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಈಗಲೂ ದೊಡ್ಡ ಸುದ್ದಿ. ಸತ್ತವರಿಗೆ ಮರ್ಯಾದೆ ಕೊಡಲಿಲ್ಲವಂತೆ. ಪ್ರೀತಿಯಿಂದ ಅಡಿಗೆ ಮಾಡಿದವರ ಮನಸ್ಸು ನೋಯಿಸಿದೆನಂತೆ. ಒಬ್ಬೊಬ್ಬರಿಗೇ ಉತ್ತರ ಕೊಡುತ್ತ ಕೂರುವ ತಾಳ್ಮೆ ನನಗಿಲ್ಲ. ಬಾಯಮ್ಮ ಎಂಥವರಾಗಿದ್ದರು ಎಂದು ಇಲ್ಲಿ ಒಂದೇ ಸಲ ಬರೆದುಬಿಡುತ್ತೇನೆ. ಅವತ್ತು ಅವರೇ ಅಲ್ಲಿದ್ದಿದ್ದರೆ ನನಗಿಂತ ಮೊದಲು ಎದ್ದು ಹೋಗುತ್ತಿದ್ದರು, ಹೋಗುವ ಮೊದಲು ನಾಲ್ಕು ಮಾತು ಬೈದೂ ಇರುತ್ತಿದ್ದರು.

ಹೆಸರು ಬರೆಯುವುದಿಲ್ಲ, ಅವರಿಗೆ ಇಷ್ಟವಾಗುತ್ತಿರಲಿಲ್ಲ. ಕಟ್ಟಡದಲ್ಲಿ ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ನರ್ಸ್ ಆಗಿದ್ದರಲ್ಲ, ಮೊದಲು ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ, ಆಮೇಲೆ ದುಬೈಯಲ್ಲಿ. ನಮ್ಮ ಊರಿನ ಕಡೆ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ರೂಢಿ. ದುಬೈಯ ಅಲ್ ಮುರಕ್ಕಬಾತ್ ಬಡಾವಣೆಯ ಈ ಹಳೆಯ ಕಟ್ಟಡಕ್ಕೆ ನಾವು ಬಂದ ದಿನ ಎದುರು ಬಾಗಿಲಿನಲ್ಲಿ ನಿಂತಿದ್ದವರನ್ನು ನಾನು ಅಭ್ಯಾಸಬಲದಿಂದ ಹಾಗೇ ಕರೆದೆ. ಕನ್ನಡಕ ಹಣೆಯ ಮೇಲೆ ಏರಿಸಿ ನನ್ನನ್ನು ದಿಟ್ಟಿಸಿದರು.

“ಯಾವೂರು?”

“ಪುತ್ತೂರು.”

“ಹಾಗೇ ಕರಿ. ಸಿಸ್ಟರ್ ಸಿಸ್ಟರ್ ಅಂತ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ,” ಎಂದು ಹೇಳಿ ಬಾಗಿಲು ಹಾಕಿಕೊಂಡರು. ಕನ್ನಡಕ ಹಣೆಗೇರಿದರೆ ಸಿಟ್ಟು ಬಂದಿದೆ ಎಂದು ಅರ್ಥ ಅಂತ ಆಮೇಲೆ ತಿಳಿಯಿತು. ಅದು ಹೆಚ್ಚು ಕಡಿಮೆ ಯಾವಾಗಲೂ ಹಣೆಯ ಮೇಲೇ ಇರುತ್ತಿತ್ತು. ಲಿಫ್ಟಿಗೆ ಮೇಲಿನ ಗುಂಡಿ, ಕೆಳಗಿನ ಗುಂಡಿ ಎರಡನ್ನೂ ಒತ್ತುವವರ ಮೇಲೆ ಸಿಟ್ಟು. ಮಾತ್ರೆಯನ್ನು ಅರ್ಧಕ್ಕೇ ನಿಲ್ಲಿಸುವವರ ಮೇಲೆ ಸಿಟ್ಟು. “ನೋಡುವ, ದೇವರಿದ್ದಾನೆ” ಎನ್ನುವವರ ಮೇಲಂತೂ ವಿಪರೀತ ಸಿಟ್ಟು. “ದೇವರಿಗೆ ಬೇರೆ ಕೆಲಸ ಇಲ್ವಾ? ನೀವು ನೋಡಿ!” ಎಂದು ಗದರಿಸುತ್ತಿದ್ದರು. ಚರ್ಚಿಗೆ ಮಾತ್ರ ಒಂದು ವಾರವೂ ತಪ್ಪಿಸುತ್ತಿರಲಿಲ್ಲ.

ನನ್ನ ಮಗಳು ದಿಯಾಳಿಗೆ ಹಾಲು ಆಗುವುದಿಲ್ಲ. ಹೊಟ್ಟೆ ಕೆಡುವುದು, ತುರಿಕೆ ಬರುವುದು ಅಷ್ಟೇ ಅಲ್ಲ. ಒಂದು ಚಮಚ ಸಾಕು, ಗಂಟಲು ಊದಿಕೊಂಡು ಉಸಿರು ನಿಲ್ಲುತ್ತದೆ. ಇದನ್ನು ನಮ್ಮ ಜನಕ್ಕೆ ಹೇಳಿ ನೋಡಿ. ಮೊದಲು ನಗುತ್ತಾರೆ. ಕೃಷ್ಣನ ನಾಡಿನಲ್ಲಿ ಹಾಲು ಆಗದ ಮಗುವೇ ಅನ್ನುತ್ತಾರೆ. ಆಮೇಲೆ, ಹಾಲು ಬೇಡ, ಮಜ್ಜಿಗೆ ಆಗಬಹುದಲ್ಲ ಅನ್ನುತ್ತಾರೆ. ಮಜ್ಜಿಗೆಯೂ ಬೇಡ ಎಂದರೆ, ತುಪ್ಪ ಕಾಸಿದ್ದಲ್ಲವಾ, ಅದರಲ್ಲಿ ಹಾಲೆಲ್ಲಿ ಬಂತು ಅನ್ನುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ನಿಮ್ಮ ಮೈ ಉರಿಯುತ್ತಿರುತ್ತದೆ, ಅವರ ಮುಖದಲ್ಲಿ ಮಾತ್ರ ಅದೇ ಪ್ರೀತಿಯ ನಗು. ಪ್ರೀತಿಯಿಂದ ಕೊಲ್ಲಲು ಬರುವವರನ್ನು ಹೇಗೆ ತಡೆಯುವುದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ದಿಯಾಳಿಗೆ ಐದು ವರ್ಷವಾಗಿದ್ದಾಗ ಮೇಲಿನ ಮಹಡಿಯ ಸುಜಾತಕ್ಕನ ಮನೆಯಲ್ಲಿ ಚೌತಿ ಪೂಜೆ. ಸುಜಾತಕ್ಕ ಒಳ್ಳೆಯವರು, ಇದನ್ನು ನಾನು ಸಿಟ್ಟಿನಲ್ಲೂ ಹೇಳುತ್ತೇನೆ. ಕಡಲೆಬೇಳೆ ಪಾಯಸ ತಂದು, “ತೆಂಗಿನ ಹಾಲು ಮಾರಾಯ್ತಿ, ನಾನೇ ಹಿಂಡಿದ್ದು. ಸೇಫ್, ಧೈರ್ಯದಲ್ಲಿ ಕೊಡು,” ಎಂದರು. ನಾನು ಎರಡೆರಡು ಸಲ ಕೇಳಿದೆ. ಎರಡು ಸಲವೂ ಸೇಫ್ ಎಂದರು. ಸುಳ್ಳು ಹೇಳಲಿಲ್ಲ, ಅವರಿಗೆ ನೆನಪೇ ಇರಲಿಲ್ಲ. ಪಾಯಸ ಇಳಿಸಿದ ಮೇಲೆ ಗೋಡಂಬಿ, ದ್ರಾಕ್ಷಿಯನ್ನು ತುಪ್ಪದಲ್ಲಿ ಹುರಿದು ಮೇಲಿನಿಂದ ಸುರಿದಿದ್ದರು. ಅದು ಅಡಿಗೆ ಎಂದೇ ಅವರ ಲೆಕ್ಕಕ್ಕೆ ಬಂದಿರಲಿಲ್ಲ.

ಮಗುವಿನ ತುಟಿ ದಪ್ಪವಾಯಿತು. ಕೆಮ್ಮು ಶುರುವಾಯಿತು. ಡಾಕ್ಟರು ಕೊಟ್ಟಿದ್ದ ಇಂಜೆಕ್ಷನ್ ಪೆನ್ನು ನನ್ನ ಚೀಲದಲ್ಲೇ ಇತ್ತು, ಅದರ ಮುಚ್ಚಳ ಬಿಚ್ಚಲು ನನ್ನ ಕೈಗೆ ಬರಲಿಲ್ಲ. ಸುತ್ತ ನಿಂತವರಲ್ಲಿ ಒಬ್ಬರು ನೀರು ಕೊಡಿ ಎಂದರು, ಇನ್ನೊಬ್ಬರು ದೃಷ್ಟಿ ತೆಗೆಯಿರಿ ಎಂದರು. ಯಾರೋ ಓಡಿ ಹೋಗಿ ಬಾಯಮ್ಮನನ್ನು ಕರೆತಂದರು. ಅವರು ಜನರನ್ನು ಮೊಣಕೈಯಲ್ಲಿ ತಳ್ಳಿಕೊಂಡು ಬಂದು, ಪೆನ್ನು ಕಿತ್ತುಕೊಂಡು, ಫ್ರಾಕಿನ ಮೇಲಿನಿಂದಲೇ ಮಗುವಿನ ತೊಡೆಗೆ ಒತ್ತಿ ಹಿಡಿದರು. ಆಂಬುಲೆನ್ಸ್ ಬರುವವರೆಗೂ ಅವಳನ್ನು ಮಡಿಲಲ್ಲಿ ಇಟ್ಟುಕೊಂಡು, “ನಾಲಿಗೆ ತೋರ್ಸು ಮಗಾ. ಇನ್ನೊಮ್ಮೆ ತೋರ್ಸು,” ಎನ್ನುತ್ತಲೇ ಇದ್ದರು. ಹೊರಡುವಾಗ ಸುಜಾತಕ್ಕನ ಕಡೆ ತಿರುಗಿ ಇಷ್ಟೇ ಕೇಳಿದರು: “ಕಡೆಗೆ ಎಂತ ಹಾಕಿದ್ರಿ?”

ಸುಜಾತಕ್ಕ ಬಾಯಿ ಮುಚ್ಚಿಕೊಂಡು ಅತ್ತರು. ನನಗೆ ಆ ಅಳುವನ್ನು ನೋಡಿ ಇನ್ನೂ ಸಿಟ್ಟು ಬಂತು. ಅಳಬೇಕಾದವಳು ನಾನು.

ಮಗು ಮನೆಗೆ ಬಂದ ಮರುದಿನ ಬಾಗಿಲು ಬಡಿದ ಸದ್ದು. ಬಾಯಮ್ಮನಿಗೆ ಕರೆಗಂಟೆ ಒತ್ತುವ ಅಭ್ಯಾಸವಿರಲಿಲ್ಲ, ಮುಷ್ಟಿಯಲ್ಲೇ ಗುದ್ದುತ್ತಿದ್ದರು. ಕೈಯಲ್ಲಿ ದೊಡ್ಡ ಪಾತ್ರೆ. ಒಳಗೆ ಕೆಂಪು ಬಣ್ಣದ ಗಟ್ಟಿ ಸಾರಿನಲ್ಲಿ ಆಲೂಗಡ್ಡೆ, ನಮ್ಮದಲ್ಲದ ಘಮ.

“ಇದರಲ್ಲಿ ಹಾಲು ತೆಗೆದಿದ್ದೀರಾ?” ನಾನು ಕೇಳಿದೆ.

“ತೆಗೀಲಿಕ್ಕೆ ಹಾಕಿದ್ರೆ ಅಲ್ವಾ? ಇದು ಹುಟ್ಟಿದ್ದೇ ಹೀಗೆ. ಹಂಗೇರಿದು. ಬರೀ ನೀರುಳ್ಳಿ, ಎಣ್ಣೆ, ಮೆಣಸಿನ ಪುಡಿ, ಬಟಾಟೆ. ನಾನೂ ಇದ್ರಲ್ಲೇ ಊಟ ಮಾಡುದು, ನೀನೂ ಮಾಡು, ನಿನ್ನ ಗಂಡನೂ ಮಾಡ್ಲಿ. ಆ ಮಗುವಿಗೆ ಬೇರೆ ಡಬ್ಬ ಇಡುದು ಇವತ್ತಿಗೆ ಖಲಾಸ್.”

ಅಲ್ಲಿಯವರೆಗೆ ನನ್ನ ಮಗಳ ಪಾಲಿನದು ಯಾವಾಗಲೂ ಬೇರೆಯೇ ಇರುತ್ತಿತ್ತು. ಮದುವೆ, ಮುಂಜಿ, ಬರ್ತ್‌ಡೇ, ಎಲ್ಲಿ ಹೋದರೂ ಚೀಲದೊಳಗೆ ಒಂದು ಚಿಕ್ಕ ಡಬ್ಬ. ಎಲ್ಲರೂ ತಿನ್ನುವಾಗ ಅವಳು ಡಬ್ಬ ಬಿಚ್ಚಿಕೊಂಡು ಮೂಲೆಯಲ್ಲಿ ಕೂರುತ್ತಿದ್ದಳು. ಅಂದು ನಾಲ್ವರೂ ಒಂದೇ ಪಾತ್ರೆಯಿಂದ ಬಡಿಸಿಕೊಂಡೆವು. ದಿಯಾ ಎಲ್ಲರ ತಟ್ಟೆಯನ್ನೂ ಒಮ್ಮೆ ನೋಡಿ, ತನ್ನ ತಟ್ಟೆ ನೋಡಿ, “ಸೇಮ್?” ಎಂದು ಕೇಳಿದಳು. “ಸೇಮ್,” ಎಂದರು ಬಾಯಮ್ಮ. ನಾನು ಅಡಿಗೆಮನೆಗೆ ಹೋಗಿ ಒಂದು ಗಳಿಗೆ ನಿಂತು ಬಂದೆ.

ಅಬುಧಾಬಿಯ ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಬಾಯಮ್ಮನ ರೂಮಿನಲ್ಲಿ ಇಲೋನಾ ಎಂಬ ಹಂಗೇರಿಯ ನರ್ಸ್ ಇದ್ದಳಂತೆ. ಅವಳೂ ಕ್ಯಾಥೊಲಿಕ್. ಈಸ್ಟರಿಗೆ ಮೊದಲಿನ ಉಪವಾಸದ ಶುಕ್ರವಾರಗಳಲ್ಲಿ ಇಬ್ಬರೂ ಮಾಂಸ ಮುಟ್ಟುತ್ತಿರಲಿಲ್ಲ. ಇಲೋನಾಳ ಹಳ್ಳಿಯಲ್ಲಿ ಕೈ ಖಾಲಿಯಾದ ತಿಂಗಳ ಕೊನೆಗೂ ಉಪವಾಸಕ್ಕೂ ಒಂದೇ ಅಡಿಗೆ, ಇದ್ದದ್ದರಲ್ಲಿ ಮಾಡುವುದು. ಹಾಗೆ ಕಲಿತದ್ದು ಬಾಯಮ್ಮ. ಯಾರಾದರೂ ಇದನ್ನು ವೀಗನ್ ಎಂದರೆ ಕನ್ನಡಕ ಹಣೆಗೆ. “ವೀಗನ್ ಅಲ್ಲ ಎಂತದೂ ಅಲ್ಲ. ಶುಕ್ರವಾರದ ಊಟ.”

ನಾನು ಒಮ್ಮೆ ಕೇಳಿಯೇಬಿಟ್ಟೆ. ನಮ್ಮಲ್ಲೇ ತೆಂಗಿನಕಾಯಿ ಹಾಕಿದ ಎಷ್ಟು ಅಡಿಗೆ ಇದೆ, ಗಸಿ, ಹುಳಿ, ಪಲ್ಯ, ಯಾವುದಕ್ಕೂ ಹಾಲು ಬೇಡ. ಅದನ್ನು ಬಿಟ್ಟು ಹಂಗೇರಿಯವರೆಗೆ ಯಾಕೆ ಹೋಗಬೇಕು?

“ನಿನ್ನ ತಿಳಿಸಾರಿಗೆ ಒಗ್ಗರಣೆ ಎಂತದರದ್ದು?”

“ಎಣ್ಣೆ.”

“ಯಾವಾಗ್ಲೂ?”

ನಾನು ಯೋಚಿಸಿದೆ. ಹಬ್ಬಕ್ಕೆ ತುಪ್ಪ. ನೆಂಟರು ಬಂದರೆ ತುಪ್ಪ. ಮನಸ್ಸು ಚೆನ್ನಾಗಿದ್ದರೂ ತುಪ್ಪ.

“ಅದೇ ನಾನು ಹೇಳುದು. ಗೊತ್ತಿರುವ ಅಡಿಗೆ ಮಾಡುವಾಗ ತಲೆ ಕೆಲಸ ಮಾಡುದಿಲ್ಲ, ಕೈ ಮಾಡ್ತದೆ. ಕೈಗೆ ತುಪ್ಪ ಹಾಕಿ ಅಭ್ಯಾಸ. ಹಾಕಿದ್ದು ನೆನಪೂ ಇರುದಿಲ್ಲ. ಗೊತ್ತಿಲ್ಲದ ಅಡಿಗೆ ಮಾಡು. ಆಗ ಕೈ ಹೆದರ್ತದೆ, ಒಂದೊಂದು ಹಾಕುವಾಗ್ಲೂ ಕೇಳ್ತದೆ. ಈ ಮಗುವಿಗೆ ಹೆದರುವ ಕೈ ಬೇಕು.”

ಹೀಗೆ ನನ್ನ ಅಡಿಗೆಮನೆಗೆ ಹಂಗೇರಿ ಬಂತು. ಕಲಿಸುವಾಗ ಬಾಯಮ್ಮ ದಯೆ ದಾಕ್ಷಿಣ್ಯ ಇಲ್ಲದ ಹೆಂಗಸು. ನೀರುಳ್ಳಿ ಕಂದಾಗುವಂತಿಲ್ಲ, ಗಾಜಿನ ಹಾಗೆ ಕಾಣಬೇಕು. ಕೆಂಪು ಪುಡಿ ಹಾಕುವ ಮೊದಲು ಬಾಣಲೆಯನ್ನು ಒಲೆಯಿಂದ ಕೆಳಗಿಳಿಸಬೇಕು, ಇಲ್ಲದಿದ್ದರೆ ಅದು ಸುಟ್ಟು ಕಹಿಯಾಗುತ್ತದೆ. ನಾನು ಇಳಿಸಲು ಮರೆತರೆ ಕೈ ಮೇಲೆ ಸೌಟಿನ ಏಟು ಬೀಳುತ್ತಿತ್ತು, ನಿಜವಾದ ಏಟು. ಇಲೋನಾ ಊರಿನಿಂದ ಕಳಿಸುತ್ತಿದ್ದ ಪುಡಿಯ ತಗಡಿನ ಡಬ್ಬ ಖಾಲಿಯಾದಾಗ ನಾನು ಬ್ಯಾಡಗಿ ಮೆಣಸು ಆಗಬಹುದೇ ಎಂದೆ. ಏನೋ ಪಾಪದ ಮಾತಾಡಿದಂತೆ ನೋಡಿದರು. ಮುಂದಿನ ವಾರ ತಾವೇ ಬೀಜ ತೆಗೆದು ಪುಡಿ ಮಾಡಿ ತಂದರು, ಆ ವಿಷಯವನ್ನು ಮಾತ್ರ ಎತ್ತಲಿಲ್ಲ.

ಕ್ಯಾಪ್ಸಿಕಂ, ಟೊಮೇಟೊ ಸೇರಿಸಿ ಬೇಯಿಸಿದ ಲೆಚೋ ಎಂಬ ಗೊಜ್ಜು. ರಾಜ್ಮಾ ಹಾಕಿದ ಸೂಪು, ಅದಕ್ಕೆ ಕಡೆಯಲ್ಲಿ ಎಣ್ಣೆಯಲ್ಲಿ ಹುರಿದ ಗೋಧಿಹಿಟ್ಟು, ಬೆಳ್ಳುಳ್ಳಿ. ನಮಗೆಲ್ಲ ಹೆಚ್ಚು ಇಷ್ಟವಾದದ್ದು ಎಲೆಕೋಸಿನ ಶಾವಿಗೆ. ಸಕ್ಕರೆಯನ್ನು ಎಣ್ಣೆಯಲ್ಲಿ ಕಂದು ಮಾಡಿ, ಉಪ್ಪು ಹಚ್ಚಿ ಹಿಂಡಿದ ಎಲೆಕೋಸನ್ನು ಅದರಲ್ಲಿ ಚೆನ್ನಾಗಿ ಹುರಿದು, ಅಗಲದ ಶಾವಿಗೆ ಬೆರೆಸಿ, ಧಾರಾಳ ಕರಿಮೆಣಸು ಉದುರಿಸುವುದು. ಶಾವಿಗೆಯಲ್ಲಿ ಹಾಲಿನ ಅಂಶ ಇಲ್ಲವೆಂದು ನೋಡಿ ತರಬೇಕು, ಅಷ್ಟೇ. ಹಂಗೇರಿಯವರಿಗೂ ಮೇಲಿನಿಂದ ಹುಳಿ ಕೆನೆ ಸುರಿಯುವ ಚಟ ಇದೆ ಎಂದು ಬಾಯಮ್ಮ ಮುಚ್ಚಿಡಲಿಲ್ಲ. “ಅವರೂ ನಮ್ಮ ಹಾಗೇ. ಅದಕ್ಕೇ ನಾನು ಹೆಕ್ಕಿ ತಂದದ್ದು, ಕೆನೆ ಕೇಳದ್ದನ್ನು ಮಾತ್ರ.” ದಿಯಾಳ ಹುಟ್ಟುಹಬ್ಬಕ್ಕೆ ಕೇಕಿನ ಬದಲು ಸಿಹಿ ಶಾವಿಗೆ. ಇಲೋನಾಳ ಮನೆಯಲ್ಲಿ ಅದಕ್ಕೆ ಗಸಗಸೆಯಂತೆ, ಅಫೀಮಿನ ಗಿಡದ್ದೆಂದು ಈ ದೇಶಕ್ಕೆ ಗಸಗಸೆ ತರುವಂತಿಲ್ಲವಾದ್ದರಿಂದ ಇಲ್ಲಿ ಅಕ್ರೋಟು ಪುಡಿ ಮತ್ತು ಸಕ್ಕರೆ.

ಅಂಥ ಒಂದು ಹುಟ್ಟುಹಬ್ಬಕ್ಕೆ ನಮ್ಮ ಅತ್ತೆ ಊರಿನಿಂದ ಬಂದಿದ್ದರು. ಅತ್ತೆಗೆ ಮೊಮ್ಮಗಳೆಂದರೆ ಜೀವ. ಹಾಲಿನ ವಿಷಯ ನಾನು ದಿನಾ ಹೇಳುತ್ತಿದ್ದೆ, ಅವರು ದಿನಾ ತಲೆಯಾಡಿಸುತ್ತಿದ್ದರು. ಮಕ್ಕಳೆಲ್ಲ ತಟ್ಟೆ ಹಿಡಿದು ಕೂತಿದ್ದರು. ಅತ್ತೆ ಊರಿನಿಂದ ತಾವೇ ತಂದಿದ್ದ ತುಪ್ಪವನ್ನು ಕಾಯಿಸಿ, ಒಳಗಿನಿಂದ ಮಿಳ್ಳೆ ಹಿಡಿದುಕೊಂಡು ಬಂದರು. “ಒಣಗಿದ ಶಾವಿಗೆ ತಿನ್ನುದಾ ಮಕ್ಕಳು, ಅದೂ ಹುಟ್ಟಿದ ದಿನ?” ಎನ್ನುತ್ತಾ ದಿಯಾಳ ತಟ್ಟೆಯ ಮೇಲೆ ಬಾಗಿದರು. ನಾನು ಕೋಣೆಯ ಆ ತುದಿಯಲ್ಲಿದ್ದೆ, ಕೂಗಿದೆ, ಗಲಾಟೆಯಲ್ಲಿ ಕೇಳಿಸಲಿಲ್ಲ. ಪಕ್ಕದಲ್ಲಿದ್ದ ಬಾಯಮ್ಮ ತಮ್ಮ ಅಂಗೈಯನ್ನು ತಟ್ಟೆಯ ಮೇಲೆ ಕವುಚಿ ಹಿಡಿದರು. ಕುದಿಯುವ ತುಪ್ಪ ಅವರ ಕೈಯ ಮೇಲೆ ಬಿತ್ತು.

ಅವರು ಕೈ ತೆಗೆಯಲಿಲ್ಲ. ಮುಖ ಕಿವುಚಲೂ ಇಲ್ಲ. “ಇನ್ನೂ ಉಂಟಾ ಅಮ್ಮ? ಹಾಕಿ,” ಎಂದರು.

ಅತ್ತೆ ಅಳುತ್ತ ಕೋಣೆ ಸೇರಿಕೊಂಡರು. ಎಲ್ಲ ಹೋದ ಮೇಲೆ ನನ್ನ ಗಂಡ, “ಹಿರಿಯರ ಹತ್ತಿರ ಹಾಗೆ ಮಾತಾಡುದಾ ಅವರು?” ಎಂದರು. ಆ ಮನುಷ್ಯನಿಗೆ ಕಂಡದ್ದು ಅಷ್ಟು. ನನ್ನ ಮದುವೆಯ ಇಷ್ಟು ವರ್ಷಗಳಲ್ಲಿ ಅಂದು ಬಂದಂಥ ಸಿಟ್ಟು ನನಗೆ ಇನ್ನೊಮ್ಮೆ ಬಂದಿಲ್ಲ. ಬಾಯಮ್ಮನ ಕೈಯ ಹಿಂಬದಿಯಲ್ಲಿ ಆ ಸುಟ್ಟ ಕಲೆ ಕೊನೆಯವರೆಗೂ ಉಳಿಯಿತು.

ಅದಾದ ಮೇಲೆ ಅವರು ದಿಯಾಳನ್ನು ಎದುರು ಕೂರಿಸಿಕೊಂಡು ಪಾಠ ಶುರುಮಾಡಿದರು. ಯಾರು ಏನು ಕೊಟ್ಟರೂ “ಇಸ್ ಇಟ್ ಸೇಫ್?” ಎಂದು ಕೇಳುವುದು ಮಗುವಿನ ಅಭ್ಯಾಸವಾಗಿತ್ತು, ನಾನೇ ಕಲಿಸಿದ್ದು.

“ಸೇಫಾ ಅಂತ ಕೇಳ್ಬೇಡ. ಸೇಫ್ ಅಂತ ಎಲ್ರೂ ಹೇಳ್ತಾರೆ, ಹೇಳ್ಲಿಕ್ಕೆ ಎಂತ? ಕಡೆಗೆ ಎಂತ ಹಾಕಿದ್ರಿ ಅಂತ ಕೇಳು. ಆಗ ಅವರಿಗೆ ಒಲೆ ನೆನಪಾಗ್ತದೆ.”

“ಇನ್ ಕನ್ನಡ?”

“ಕನ್ನಡದಲ್ಲೇ. ತುಪ್ಪ ಹಾಕುವವರು ಕನ್ನಡದವರೇ. ಯಾರನ್ನೂ ಬಿಡ್ಬೇಡ, ನಿನ್ನ ಅಮ್ಮನನ್ನೂ ಕೇಳು.”

“ನನ್ನನ್ನು ಯಾಕೆ?” ನನಗೆ ಚುರ್ರೆಂದಿತು. “ನಾನು ಹಾಕ್ತೇನಾ?”

“ನಿನ್ನ ಕೈಯೂ ಪುತ್ತೂರಿನದ್ದೇ ಅಲ್ವಾ?” ಎಂದು ಹೇಳಿ ಕನ್ನಡಕ ಕೆಳಗಿಳಿಸಿದರು, ಮಾತು ಮುಗಿಯಿತು ಎಂಬಂತೆ. ನಾನು ಎರಡು ದಿನ ಅವರ ಹತ್ತಿರ ಮಾತಾಡಲಿಲ್ಲ.

ದಿಯಾ ಮಾತ್ರ ಇಂಗ್ಲಿಷಿನಲ್ಲೇ ಸೇಫಾ ಸೇಫಾ ಎಂದು ಕೇಳುತ್ತ ಬೆಳೆದಳು. ಈ ಊರಿನ ಮಕ್ಕಳ ಹಾಗೆ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಬಾಯಮ್ಮನ ಪಾಠ ಅವಳ ತಲೆಗೆ ಹೋಗಲೇ ಇಲ್ಲ ಎಂದು ನಾನು ಅಂದುಕೊಂಡಿದ್ದೆ.

ನಿವೃತ್ತಿಯಾಯಿತು, ವೀಸಾ ಮುಗಿಯಿತು, ಬಾಯಮ್ಮ ಊರಿಗೆ ಹೊರಟರು. ವಿಮಾನ ನಿಲ್ದಾಣದಲ್ಲಿ ದಿಯಾಳ ಕೈಗೆ ಇಲೋನಾ ಕಳೆದ ಸಲ ಕಳಿಸಿದ್ದ ಪುಡಿಯ ಡಬ್ಬ ಕೊಟ್ಟು, “ಒಲೆಯಿಂದ ಇಳಿಸಿ ಹಾಕ್ಲಿಕ್ಕೆ ಹೇಳು ನಿನ್ನ ಅಮ್ಮನಿಗೆ,” ಎಂದರು. ನನಗೆ ಹೇಳಿದ್ದು ಅಷ್ಟೂ ಇಲ್ಲ. ಊರಿಗೆ ಹೋದ ಮೇಲೆ ವಾರಕ್ಕೊಮ್ಮೆ ಫೋನು ಮಾಡಿ ಮಗಳ ನಾಲಿಗೆ ತೋರಿಸಲು ಹೇಳುತ್ತಿದ್ದರು. ತಮ್ಮ ಹೊಟ್ಟೆಯೊಳಗಿನ ಕಾಯಿಲೆಯ ವಿಷಯ ಒಂದು ದಿನವೂ ಬಾಯಿಬಿಡಲಿಲ್ಲ. ಮಾತ್ರೆ ಅರ್ಧಕ್ಕೆ ನಿಲ್ಲಿಸಿದರೆ ನಮ್ಮ ಜೀವ ತೆಗೆಯುತ್ತಿದ್ದವರು ತಾವು ಡಾಕ್ಟರ ಹತ್ತಿರ ಹೋದದ್ದೇ ತಡವಾಗಿ ಎಂದು ಅವರ ತಮ್ಮ ಆಮೇಲೆ ಹೇಳಿದರು. ನನಗೆ ಅವರ ಮೇಲೆ ಬಂದಿರುವ ಸಿಟ್ಟು ಇನ್ನೂ ಇಳಿದಿಲ್ಲ. ಬೈಯೋಣವೆಂದರೆ ಎದುರು ಬಾಗಿಲಿನಲ್ಲಿ ಈಗ ಬೇರೆ ಯಾರೋ ಇದ್ದಾರೆ.

ನೆನಪಿನ ಸಭೆ ಸುಜಾತಕ್ಕನ ಮನೆಯಲ್ಲಿ. ಫೋಟೋ, ಹೂವು, ಮೇಣದ ಬತ್ತಿ. ಒಬ್ಬೊಬ್ಬರೂ ಎದ್ದು ಮಾತಾಡಿದರು. “ಮಾತು ಒರಟು, ಮನಸ್ಸು ಬೆಣ್ಣೆ,” ಎಂದರು ಒಬ್ಬರು. ಬೆಣ್ಣೆಯಂತೆ, ಆ ಹೆಂಗಸಿನ ಮನಸ್ಸು! ನಾನು ಹಲ್ಲು ಕಚ್ಚಿಕೊಂಡು ಕೂತೆ. ಆಮೇಲೆ ಊಟ. ಬಾಯಮ್ಮನ ನೆನಪಿಗೆ ಬಾಯಮ್ಮನದೇ ಎಲೆಕೋಸಿನ ಶಾವಿಗೆ ಎಂದು ಸುಜಾತಕ್ಕ ಹೆಮ್ಮೆಯಿಂದ ಪಾತ್ರೆ ತಂದಿಟ್ಟರು. ಇಷ್ಟು ವರ್ಷಗಳಲ್ಲಿ ಆ ಶಾವಿಗೆ ಕಟ್ಟಡದ ಅರ್ಧ ಮನೆಗಳಲ್ಲಿ ರೂಢಿಯಾಗಿತ್ತು. ಮಕ್ಕಳ ಟಿಫಿನ್ನಿಗೆ ಹೋಗುತ್ತಿತ್ತು, ನೆಂಟರಿಗೆ ಬಡಿಸುತ್ತಿದ್ದರು. ಈಗ ಅದು ಗೊತ್ತಿರುವ ಅಡಿಗೆ. ನನಗೆ ಆ ಕ್ಷಣಕ್ಕೆ ಅದು ಹೊಳೆಯಲಿಲ್ಲ.

“ತಿನ್ನು ಪುಟ್ಟಿ, ಧೈರ್ಯದಲ್ಲಿ ತಿನ್ನು. ನಿನ್ನ ಬಾಯಮ್ಮನ ರೆಸಿಪಿ, ಸೇಫ್,” ಎಂದು ಸುಜಾತಕ್ಕ ದಿಯಾಳ ಕೈಗೆ ತಟ್ಟೆ ಕೊಟ್ಟರು.

ಹನ್ನೆರಡರ ಹುಡುಗಿ, ನನ್ನ ಭುಜದೆತ್ತರ. ತಟ್ಟೆ ಹಿಡಿದು ನಿಂತು ಫೋಟೋದ ಕಡೆ ನೋಡಿದಳು. ಆಮೇಲೆ ಸುಜಾತಕ್ಕನ ಕಡೆ ತಿರುಗಿ, ಅಚ್ಚ ಕನ್ನಡದಲ್ಲಿ, ನಾನು ಎಷ್ಟೋ ಸಲ ಎದುರು ಬಾಗಿಲಿನಿಂದ ಕೇಳಿದ್ದ ಅದೇ ಗಡಸು ದನಿಯಲ್ಲಿ ಕೇಳಿದಳು:

“ಆಂಟಿ, ಕಡೆಗೆ ಎಂತ ಹಾಕಿದ್ರಿ?”

“ಕಡೆಗಾ? ಎಂತದೂ ಇಲ್ಲ, ಕರಿಮೆಣಸು...” ಸುಜಾತಕ್ಕ ನಗುತ್ತಲೇ ಶುರುಮಾಡಿದರು. ನಗು ಅಲ್ಲೇ ನಿಂತಿತು. ಒಲೆ ನೆನಪಾಗಿತ್ತು. “ಒಂದು ಚಮಚ... ಒಂದೇ ಚಮಚ ತುಪ್ಪ. ಅವರ ಹೆಸರಲ್ಲಿ ಬಡಿಸುವಾಗ ಬರೀ ಎಣ್ಣೆಯಲ್ಲಿ ಹೇಗೆ ಅಂತ...”

ದಿಯಾ ತಟ್ಟೆಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಅಂಗೈ ಕವುಚಿದಳು. ನಾನು ಆ ಕೈಯನ್ನೇ ಹಿಡಿದುಕೊಂಡು ಹೊರಗೆ ಬಂದೆ. ಹಿಂದಿನಿಂದ ಸುಜಾತಕ್ಕ ಅಳುವುದು ಕೇಳಿಸಿತು, ತಿರುಗಲಿಲ್ಲ. ಮತ್ತೆ ಅದೇ ಅಳು, ಅದೇ ಒಂದು ಚಮಚ. ಅವರನ್ನು ಸಮಾಧಾನ ಮಾಡುವ ಕೆಲಸ ನನ್ನದಲ್ಲ, ಗುಂಪಿನಲ್ಲಿ ಬರೆಯುತ್ತಿರುವವರು ಹೋಗಿ ಮಾಡಲಿ.

ಮನೆಗೆ ಬಂದು ಕೈ ತೊಳೆದು ನೀರುಳ್ಳಿ ಹೆಚ್ಚಿದೆ. ನೀರುಳ್ಳಿ ಗಾಜಿನಂತಾದಾಗ ಬಾಣಲೆ ಇಳಿಸಿ ಇಲೋನಾಳ ಡಬ್ಬದ ಪುಡಿ ಹಾಕಿದೆ, ಆಲೂಗಡ್ಡೆ ಹಾಕಿದೆ, ನೀರು ಹೊಯ್ದೆ. ಬೆಂದ ಮೇಲೆ ಪಾತ್ರೆಯನ್ನು ಮೇಜಿಗೆ ತಂದು ಮಗಳ ತಟ್ಟೆಗೂ ನನ್ನ ತಟ್ಟೆಗೂ ಬಡಿಸಿದೆ. ಅವಳು ಚಮಚ ಎತ್ತಿದಳು, ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದಳು.

“ಅಮ್ಮ, ಕಡೆಗೆ ಎಂತ ಹಾಕಿದಿ?”

ನಾಲಿಗೆಯ ತುದಿಗೆ ಬೈಗುಳ ಬಂದಿತ್ತು. ನುಂಗಿಕೊಂಡು, ಒಲೆಯ ಮುಂದೆ ನನ್ನ ಕೈ ಮಾಡಿದ್ದನ್ನೆಲ್ಲ ಮೊದಲಿನಿಂದ ಒಮ್ಮೆ ನೆನಪು ಮಾಡಿಕೊಂಡೆ.

“ಉಪ್ಪು,” ಎಂದೆ.

ಅವಳು ಊಟ ಶುರುಮಾಡಿದಳು.